ಕೊಲೆಸ್ಟರಾಲ್ ತಪಾಸಣೆಯ ಕಾಗದ ಓದುವ ಬಗೆ



ರಕ್ತ ತಪಾಸಣೆ ಇಂದು ಊರೂರಿಗೂ ಬಂದಿದೆ. ಸೊಲ್ಲಾಪುರದ ದೊಡ್ಡ ದವಾಖಾನೆಗೇ ಹೋಗಬೇಕೆಂದಿಲ್ಲ. ಅಕ್ಕಲಕೋಟೆಯಲ್ಲಿ, ಜತ್ತದಲ್ಲಿ, ಸಂತೆ ಕೂಡುವ ದೊಡ್ಡ ಹಳ್ಳಿಗಳಲ್ಲಿಯೂ ಮುಂಜಾನೆ ರಕ್ತ ತೆಗೆದುಕೊಂಡು ಸಂಜೆಯೊಳಗೆ ಕಾಗದ ಕೊಡುವವರಿದ್ದಾರೆ. ಕಾಗದವೇನೋ ಕೈಗೆ ಬರುತ್ತದೆ. ಆದರೆ ಅದು ಇರುವುದು ಇಂಗ್ಲಿಷಿನಲ್ಲಿ, ಡಾಕ್ಟರರು ವಿವರಿಸುವುದು ಮರಾಠಿಯಲ್ಲಿ, ಮನೆಗೆ ಬಂದು ಹಿರಿಯರಿಗೆ ತಿಳಿಸಬೇಕಾದದ್ದು ಕನ್ನಡದಲ್ಲಿ. ಈ ಮೂರು ಭಾಷೆಗಳ ನಡುವೆ ಮುಖ್ಯವಾದ ಮಾತೇ ಎಷ್ಟೋ ಸಲ ಕಳೆದುಹೋಗುತ್ತದೆ. "ಕೊಲೆಸ್ಟರಾಲ್ ಬಂದಿದೆಯಂತೆ", "ಕೊಲೆಸ್ಟರಾಲ್ ಇಲ್ಲವಂತೆ" ಎಂಬ ಎರಡೇ ಮಾತು ಉಳಿಯುತ್ತವೆ. ಎರಡೂ ಸರಿಯಲ್ಲ. ಕೊಲೆಸ್ಟರಾಲ್ ಇಲ್ಲದ ಮನುಷ್ಯನಿಲ್ಲ; ಅದು ಜ್ವರದಂತೆ ಬಂದು ಹೋಗುವಂಥದೂ ಅಲ್ಲ.

ಈ ಕಾಗದವನ್ನು ನೋಡಿ ನಮ್ಮವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಒಂದು ಸಂಖ್ಯೆ ತುಸು ಹೆಚ್ಚಾಗಿದ್ದರೆ ಹೆದರಿ ಊಟವನ್ನೇ ಬಿಡುತ್ತಾರೆ. ಕೆಲವರು ಒಟ್ಟು ಸಂಖ್ಯೆ 200ರ ಒಳಗಿದೆಯೆಂದು ಕಾಗದವನ್ನು ಮಡಿಚಿ ಗೂಡಿನಲ್ಲಿಟ್ಟು ಮರೆತುಬಿಡುತ್ತಾರೆ. ಹೆದರಿದವನು ಒಂದು ದಿನ ಡಾಕ್ಟರರ ಬಳಿಗೆ ಹೋದಾನು, ಮರೆತವನು ಹೋಗುವುದಿಲ್ಲ. ಆದ್ದರಿಂದ ಈ ಪಾಠದಲ್ಲಿ ಆ ಕಾಗದದ ಒಂದೊಂದು ಸಾಲನ್ನೂ ಬಿಡಿಸಿ ತಿಳಿದುಕೊಳ್ಳೋಣ. ಅಂಗಡಿಯ ಖಾತೆ ಓದಬಲ್ಲವರಿಗೆ ಇದು ಕಷ್ಟದ ಲೆಕ್ಕವೇನಲ್ಲ.

ಕೊಲೆಸ್ಟರಾಲ್ ಎಂದರೇನು?

ಕೊಲೆಸ್ಟರಾಲ್ ಮೇಣದಂಥ ಒಂದು ಜಿಡ್ಡಿನ ಪದಾರ್ಥ. ಅದು ವಿಷವಲ್ಲ. ಮೈಯಲ್ಲಿರುವ ಪ್ರತಿಯೊಂದು ಜೀವಕೋಶದ ಹೊರಪೊರೆಗೆ ಅದು ಬೇಕು. ಅನ್ನ ಪಚನವಾಗಲು ಬೇಕಾದ ಪಿತ್ತರಸ, ಗಂಡು-ಹೆಣ್ಣಿನ ಹಾರ್ಮೋನುಗಳು, ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುವ 'ಡಿ' ಜೀವಸತ್ವ, ಇವೆಲ್ಲಕ್ಕೂ ಅದೇ ಮೂಲ ಸಾಮಗ್ರಿ. ಇಷ್ಟು ಅವಶ್ಯವಾದ ವಸ್ತುವಾದ್ದರಿಂದಲೇ ಶರೀರವು ಅದನ್ನು ಹೊರಗಿನ ಊಟದ ಮೇಲೆ ಬಿಟ್ಟಿಲ್ಲ. ಬಹುಪಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈ ಕೆಲಸದ ಮುಖ್ಯ ಕಾರ್ಖಾನೆ ನಾವು ಲಿವರ್ ಎಂದು ಕರೆಯುವ ಯಕೃತ್ತು.

ರಕ್ತವು ನೀರಿನಂಥದು, ಕೊಲೆಸ್ಟರಾಲ್ ಎಣ್ಣೆಯಂಥದು. ಎರಡೂ ಬೆರೆಯುವುದಿಲ್ಲ. ಆದ್ದರಿಂದ ಅದನ್ನು ಪ್ರೋಟೀನಿನ ಹೊದಿಕೆ ಹಾಕಿ, ಸಣ್ಣ ಸಣ್ಣ ಗಂಟು ಕಟ್ಟಿ ರಕ್ತದಲ್ಲಿ ಸಾಗಿಸಬೇಕಾಗುತ್ತದೆ. ಮಾಲು ಹೊತ್ತ ಗಾಡಿಗಳೆಂದೇ ತಿಳಿಯಿರಿ. ಅಂಗಾಂಗಗಳಿಗೆ ಮಾಲು ಮುಟ್ಟಿಸುವ ಗಾಡಿಗೆ ಎಲ್.ಡಿ.ಎಲ್. ಎಂದು ಹೆಸರು. ಮಿಕ್ಕ ಮಾಲನ್ನು ಯಕೃತ್ತಿಗೆ ಮರಳಿ ತರುವ ಗಾಡಿಗೆ ಎಚ್.ಡಿ.ಎಲ್. ಎಂದು ಹೆಸರು. ಜನ ಮೊದಲನೆಯದನ್ನು ಕೆಟ್ಟದ್ದು, ಎರಡನೆಯದನ್ನು ಒಳ್ಳೆಯದು ಎನ್ನುತ್ತಾರೆ. ನಿಜವಾಗಿ ಗಾಡಿ ಕೆಟ್ಟದ್ದಲ್ಲ. ಅಗತ್ಯಕ್ಕಿಂತ ಹೆಚ್ಚು ಗಾಡಿಗಳು ವರ್ಷಗಟ್ಟಲೆ ದಾರಿಯಲ್ಲಿ ತಿರುಗುತ್ತಿರುವುದು ಕೆಟ್ಟದ್ದು.

ರಕ್ತನಾಳದ ಗೋಡೆಯೊಳಗೆ

ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಟಿಕೊಳ್ಳುವುದನ್ನು ದ್ರಾಕ್ಷಿ, ದಾಳಿಂಬೆ ಬೆಳೆಯುವ ನಮ್ಮ ರೈತರು ಬಲ್ಲರು. ಕೊಲೆಸ್ಟರಾಲೂ ಹಾಗೆಯೇ ನಾಳದ ಒಳಮೈಗೆ ಅಂಟಿ ತುಂಬುತ್ತದೆಂದು ಹಲವರ ತಿಳಿವಳಿಕೆ. ಆದರೆ ನಡೆಯುವುದು ಸ್ವಲ್ಪ ಬೇರೆ. ಎಲ್.ಡಿ.ಎಲ್. ಕಣಗಳು ರಕ್ತನಾಳದ ಗೋಡೆಯ ಒಳಪದರವನ್ನು ಹೊಕ್ಕು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಅವನ್ನು ತೆಗೆಯಲು ರಕ್ತದ ಬಿಳಿಕಣಗಳು ಬರುತ್ತವೆ, ಜಿಡ್ಡನ್ನು ನುಂಗಿ ತಾವೂ ಅಲ್ಲಿಯೇ ಸಾಯುತ್ತವೆ. ಹೀಗೆ ಗೋಡೆಯೊಳಗೆ ಒಂದು ಗಡ್ಡೆ ಬೆಳೆಯುತ್ತದೆ. ಹರೆಯದಲ್ಲಿ ಆರಂಭವಾದ ಈ ಕೆಲಸ ಇಪ್ಪತ್ತು-ಮೂವತ್ತು ವರ್ಷ ಸದ್ದಿಲ್ಲದೆ ನಡೆದಿರುತ್ತದೆ. ನೋವಿಲ್ಲ, ಸುಸ್ತಿಲ್ಲ, ತಲೆಸುತ್ತಿಲ್ಲ. ಒಂದು ದಿನ ಆ ಗಡ್ಡೆಯ ಮೇಲಿನ ತೆಳುಪೊರೆ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಕೆಲವೇ ನಿಮಿಷಗಳಲ್ಲಿ ನಾಳ ಮುಚ್ಚಿಹೋಗುತ್ತದೆ. ಹೃದಯದ ನಾಳವಾದರೆ ಹೃದಯಾಘಾತ, ಮಿದುಳಿನ ನಾಳವಾದರೆ ಲಕ್ವಾ.

"ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದರು" ಎಂದು ಸಾವಿನ ಮನೆಯಲ್ಲಿ ಆಡುವ ಮಾತಿನ ಹಿಂದೆ ಎಷ್ಟೋ ಸಲ ಈ ದೀರ್ಘಕಾಲದ ಕಥೆಯಿರುತ್ತದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ದಕ್ಷಿಣ ಏಷ್ಯದ ನಮ್ಮಂಥವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಸುಮಾರು 5-6 ವರ್ಷ ಮೊದಲೇ ಆಗುತ್ತದೆಂದು ಕಂಡುಬಂತು. ಅದು ಮಕ್ಕಳ ಮದುವೆಯಾಗದ, ಸೊಸಾಯಿಟಿಯ ಸಾಲ ತೀರದ ವಯಸ್ಸು. ಲಕ್ಷಣವೇ ಇಲ್ಲದ ಈ ಸ್ಥಿತಿಯನ್ನು ಮೊದಲೇ ತೋರಿಸಿಕೊಡುವ ಅಗ್ಗದ ಸಾಧನಗಳಲ್ಲಿ ಈ ರಕ್ತ ತಪಾಸಣೆಯೂ ಒಂದು.

ಈ ತಿಳಿವಳಿಕೆ ಬಂದ ಬಗೆ

1913ರಲ್ಲಿ ರಷ್ಯದ ನಿಕೊಲಾಯ್ ಅನಿಚ್ಕೊವ್ ಎಂಬ ವೈದ್ಯರು ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ, ಅವುಗಳ ರಕ್ತನಾಳಗಳ ಗೋಡೆ ಕೆಡುವುದನ್ನು ತೋರಿಸಿದರು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಂ ಎಂಬ ಊರಿನಲ್ಲಿ 5,209 ಗಂಡಸರು ಹೆಂಗಸರನ್ನು ವರ್ಷಾನುಗಟ್ಟಲೆ ಪರೀಕ್ಷಿಸುವ ಕೆಲಸ ಆರಂಭವಾಯಿತು. ಕೊಲೆಸ್ಟರಾಲ್, ರಕ್ತದೊತ್ತಡ, ಧೂಮಪಾನ ಇವು ಹೃದ್ರೋಗಕ್ಕೆ ದಾರಿ ಮಾಡುತ್ತವೆಂದು ಅಲ್ಲಿ ಸ್ಪಷ್ಟವಾಯಿತು. ಯಕೃತ್ತಿನ ಕೋಶಗಳ ಮೇಲೆ ಎಲ್.ಡಿ.ಎಲ್. ಗಾಡಿಗಳನ್ನು ಒಳಗೆ ಎಳೆದುಕೊಳ್ಳುವ ಬಾಗಿಲುಗಳಿವೆ ಎಂಬುದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬಾಗಿಲು ಸಾಕಷ್ಟಿದ್ದರೆ ರಕ್ತ ಸ್ವಚ್ಛ, ಬಾಗಿಲು ಕಡಿಮೆಯಾದರೆ ಗಾಡಿಗಳು ದಾರಿಯಲ್ಲೇ ಉಳಿಯುತ್ತವೆ. ಈ ಬಾಗಿಲಿನ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಾಗದದ ಐದು ಸಾಲುಗಳು

ಲ್ಯಾಬಿನವರು ಇದನ್ನು 'ಲಿಪಿಡ್ ಪ್ರೊಫೈಲ್' ಎನ್ನುತ್ತಾರೆ. ನಮ್ಮ ದೇಶದಲ್ಲಿ ಸಂಖ್ಯೆಗಳು ಸಾಮಾನ್ಯವಾಗಿ ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದ್ರವದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿರುತ್ತವೆ.

1. ಟೋಟಲ್ ಕೊಲೆಸ್ಟರಾಲ್: ಎಲ್ಲ ಗಾಡಿಗಳಲ್ಲಿರುವ ಕೊಲೆಸ್ಟರಾಲಿನ ಒಟ್ಟು ಮೊತ್ತ. 200ರ ಒಳಗಿದ್ದರೆ ಒಳ್ಳೆಯದು, 200ರಿಂದ 239 ಗಡಿಯ ಮೇಲಿನದು, 240 ಮತ್ತು ಮೇಲೆ ಹೆಚ್ಚು ಎಂದು ವಾಡಿಕೆ.

2. ಎಲ್.ಡಿ.ಎಲ್.: ಗೋಡೆ ಹೊಗುವ ಗಾಡಿ. ಇಡೀ ಕಾಗದದಲ್ಲಿ ಮೊದಲು ನೋಡಬೇಕಾದ ಸಾಲು ಇದೇ. ಆರೋಗ್ಯವಂತರಿಗೂ 100ರ ಒಳಗಿದ್ದರೆ ಉತ್ತಮ. 160 ದಾಟಿದರೆ ಹೆಚ್ಚು. 190 ಅಥವಾ ಮೇಲಿದ್ದರೆ ಅತಿ ಹೆಚ್ಚು. ಆಗ ಅದು ವಂಶದಿಂದ ಬಂದಿರಬಹುದು.

3. ಎಚ್.ಡಿ.ಎಲ್.: ಮರಳಿ ತರುವ ಗಾಡಿ. ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆಯಿದ್ದರೆ ಎಚ್ಚರಿಕೆಯ ಗುರುತು.

4. ಟ್ರೈಗ್ಲಿಸರೈಡ್: ಇದು ಕೊಲೆಸ್ಟರಾಲ್ ಅಲ್ಲ, ಶರೀರವು ಮುಂದಿನ ಉಪಯೋಗಕ್ಕೆ ಕೂಡಿಡುವ ಕೊಬ್ಬು. 150ರ ಒಳಗಿರಬೇಕು. 500 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೆ ಅಪಾಯವಾಗುವ ಸಂಭವವಿದೆ.

5. ವಿ.ಎಲ್.ಡಿ.ಎಲ್.: ಟ್ರೈಗ್ಲಿಸರೈಡ್ ಹೊತ್ತ ಗಾಡಿ. ಇದನ್ನು ಸಾಮಾನ್ಯವಾಗಿ ಅಳೆಯುವುದಿಲ್ಲ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ ಬರೆಯುತ್ತಾರೆ.

ಲೆಕ್ಕ ಮಾಡಿ ನೋಡೋಣ

ಅನೇಕ ಲ್ಯಾಬುಗಳಲ್ಲಿ ಎಲ್.ಡಿ.ಎಲ್. ಕೂಡ ಅಳತೆಯಿಂದ ಬಂದದ್ದಲ್ಲ, ಲೆಕ್ಕದಿಂದ ಬಂದದ್ದು. 1972ರಲ್ಲಿ ಫ್ರೀಡ್‌ವಾಲ್ಡ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಈ ಸೂತ್ರ ಕೊಟ್ಟರು: ಒಟ್ಟು ಕೊಲೆಸ್ಟರಾಲಿನಿಂದ ಎಚ್.ಡಿ.ಎಲ್. ಕಳೆಯಿರಿ, ಬಳಿಕ ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗ ಕಳೆಯಿರಿ, ಉಳಿದದ್ದು ಎಲ್.ಡಿ.ಎಲ್. ಟ್ರೈಗ್ಲಿಸರೈಡ್ 400 ದಾಟಿದಾಗ ಈ ಲೆಕ್ಕ ನಂಬಲು ಬಾರದು.

ಅಭ್ಯಾಸಕ್ಕಾಗಿ ಎರಡು ಕಾಗದಗಳನ್ನು ಎದುರಿಗಿಟ್ಟುಕೊಳ್ಳೋಣ.

ಮೊದಲನೆಯ ಕಾಗದ: ಒಟ್ಟು 192, ಎಚ್.ಡಿ.ಎಲ್. 31, ಟ್ರೈಗ್ಲಿಸರೈಡ್ 270. ಎಲ್.ಡಿ.ಎಲ್. = 192 – 31 – 54 = 107.

ಎರಡನೆಯ ಕಾಗದ: ಒಟ್ಟು 210, ಎಚ್.ಡಿ.ಎಲ್. 68, ಟ್ರೈಗ್ಲಿಸರೈಡ್ 90. ಎಲ್.ಡಿ.ಎಲ್. = 210 – 68 – 18 = 124.

ಮೊದಲ ಸಾಲನ್ನಷ್ಟೇ ನೋಡುವವನು "192, ನಾನು ಪಾರಾದೆ" ಎನ್ನುತ್ತಾನೆ. 210 ಬಂದವನು ಚಿಂತೆಗೆ ಬೀಳುತ್ತಾನೆ. ಈಗ ಇನ್ನೊಂದು ಸಣ್ಣ ಲೆಕ್ಕ ಮಾಡಿ. ಒಟ್ಟಿನಿಂದ ಎಚ್.ಡಿ.ಎಲ್. ಒಂದನ್ನೇ ಕಳೆಯಿರಿ. ಉಳಿಯುವುದು ಗೋಡೆಗೆ ಹಾನಿ ಮಾಡಬಲ್ಲ ಎಲ್ಲ ಗಾಡಿಗಳ ಮೊತ್ತ. ವೈದ್ಯರು ಇದನ್ನು 'ನಾನ್-ಎಚ್.ಡಿ.ಎಲ್.' ಎನ್ನುತ್ತಾರೆ. ಮೊದಲನೆಯವನದು 161, ಎರಡನೆಯವನದು 142. ಇಬ್ಬರೂ ಎಚ್ಚರದಿಂದಿರಬೇಕು, ಆದರೆ 'ಪಾರಾದೆ' ಎಂದವನ ಹೊರೆಯೇ ದೊಡ್ಡದು. ಅಂಗಡಿಯ ಒಟ್ಟು ವಹಿವಾಟು ನೋಡಿ ಲಾಭ-ನಷ್ಟ ಹೇಳಲಾಗದು. ಜಮಾ ಎಷ್ಟು, ಉದ್ದರಿ ಎಷ್ಟು ಎಂದು ಬಿಡಿಸಿ ನೋಡಬೇಕು. ಇಲ್ಲಿಯೂ ಹಾಗೆಯೇ.

ಮೊದಲನೆಯ ಕಾಗದದ ಬಗೆ ನಮ್ಮಲ್ಲಿ ಅಪರೂಪವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ ಮೊದಲ ಹಂತದಲ್ಲಿ ಮಹಾರಾಷ್ಟ್ರ, ತಮಿಳುನಾಡು, ಝಾರ್ಖಂಡ ಮತ್ತು ಚಂಡೀಗಡದ ನಗರ-ಹಳ್ಳಿಗಳ ಜನರ ರಕ್ತ ಪರೀಕ್ಷಿಸಲಾಯಿತು. 2014ರಲ್ಲಿ ಪ್ರಕಟವಾದ ಅದರ ವರದಿಯಂತೆ ಒಟ್ಟು ಕೊಲೆಸ್ಟರಾಲ್ ಹೆಚ್ಚಿದ್ದವರು ನೂರಕ್ಕೆ ಸುಮಾರು 14 ಜನ ಮಾತ್ರ. ಆದರೆ ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಸುಮಾರು 30, ಎಚ್.ಡಿ.ಎಲ್. ಕಡಿಮೆಯಿದ್ದವರು 72! ಒಟ್ಟು ಸಂಖ್ಯೆಯೊಂದನ್ನೇ ನೋಡಿ ಸಮಾಧಾನಪಡುವುದು ನಮ್ಮ ಜನಕ್ಕೆ ಏಕೆ ಸಲ್ಲದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಅಂಚಿನ ಸಂಖ್ಯೆ ಬೇರೆ, ನಮ್ಮ ಗುರಿ ಬೇರೆ

ಕಾಗದದ ಬಲ ಅಂಚಿನಲ್ಲಿ 'ಇಷ್ಟಿರಬೇಕು' ಎಂದು ಅಚ್ಚಾಗಿರುತ್ತದೆ. ಅದು ಎಲ್ಲರಿಗೂ ಒಂದೇ. ರಕ್ತ ಕೊಟ್ಟವನಿಗೆ ಸಕ್ಕರೆ ಬೇನೆ ಇದೆಯೇ, ಹಿಂದೆ ಹೃದಯಾಘಾತವಾಗಿದೆಯೇ, ತಂಬಾಕು ತಿನ್ನುತ್ತಾನೆಯೇ ಎಂಬುದು ಅಚ್ಚು ಹಾಕಿದವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಒಂದೇ ಸಂಖ್ಯೆ ಒಬ್ಬನಿಗೆ ಸಮಾಧಾನ, ಇನ್ನೊಬ್ಬನಿಗೆ ಅಪಾಯ.

ಭಾರತದ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ನಮ್ಮ ದೇಶದವರಿಗಾಗಿ ಗುರಿಗಳನ್ನು ಹೇಳಿದೆ. ಅದರ ಸಾರ ಹೀಗಿದೆ:

ಬೇರೆ ಬೇನೆ ಇಲ್ಲದ ಸಾಮಾನ್ಯರಿಗೆ ಎಲ್.ಡಿ.ಎಲ್. 100ರ ಒಳಗೆ, ನಾನ್-ಎಚ್.ಡಿ.ಎಲ್. 130ರ ಒಳಗೆ.

ಸಕ್ಕರೆ ಬೇನೆ, ರಕ್ತದೊತ್ತಡದಂಥ ಕಾರಣಗಳಿಂದ ಹೆಚ್ಚು ಅಪಾಯವಿರುವವರಿಗೆ ಎಲ್.ಡಿ.ಎಲ್. 70ರ ಒಳಗೆ, ನಾನ್-ಎಚ್.ಡಿ.ಎಲ್. 100ರ ಒಳಗೆ.

ಹೃದಯಾಘಾತವಾದವರು, ನಾಳ ಮುಚ್ಚಿ ಲಕ್ವಾ ಹೊಡೆದವರು ಮೊದಲಾದ ಅತಿ ಅಪಾಯದವರಿಗೆ ಎಲ್.ಡಿ.ಎಲ್. 55ರ ಒಳಗೆ, ನಾನ್-ಎಚ್.ಡಿ.ಎಲ್. 85ರ ಒಳಗೆ.

ಈಗ ಎಲ್.ಡಿ.ಎಲ್. 95 ಎಂದು ಬಂದ ಮೂವರನ್ನು ನೆನೆಯಿರಿ. ಮೂವತ್ತು ವರ್ಷದ ಆರೋಗ್ಯವಂತ ರೈತನಿಗೆ ಅದು ಸರಿ. ಹತ್ತು ವರ್ಷದಿಂದ ಸಕ್ಕರೆ ಬೇನೆಯಿರುವ ಅಡತಿ ವ್ಯಾಪಾರಿಗೆ ಅದು ಹೆಚ್ಚು. ಹೃದಯಾಘಾತವಾದ ಹಿರಿಯರಿಗೆ ಅದು ಬಹಳ ಹೆಚ್ಚು. ಮೂವರ ಕಾಗದದಲ್ಲೂ ಅಚ್ಚಾಗಿರುವುದು 'ನಾರ್ಮಲ್' ಎಂದೇ! ಆದಕಾರಣ ಡಾಕ್ಟರರಲ್ಲಿ "ನಾರ್ಮಲ್ ಇದೆಯೇ?" ಎಂದು ಕೇಳುವುದಕ್ಕಿಂತ "ನನಗೆ ಎಲ್.ಡಿ.ಎಲ್. ಎಷ್ಟಿರಬೇಕು?" ಎಂದು ಕೇಳಿರಿ. ಮರಾಠಿಯಲ್ಲಾದರೆ, "ಮಾಝಂ ಎಲ್.ಡಿ.ಎಲ್. ಕಿತೀ ಅಸಾಯ್ಲಾ ಪಾಹಿಜೆ?" ಉತ್ತರವನ್ನು ಕಾಗದದ ಮೇಲೆಯೇ ಬರೆಯಿಸಿಕೊಳ್ಳಿರಿ.

"ನಮ್ಮದು ಶುದ್ಧ ಸಸ್ಯಾಹಾರ, ನಮಗೆಲ್ಲಿಯ ಕೊಲೆಸ್ಟರಾಲ್?"

ನಮ್ಮ ಸಮಾಜದಲ್ಲಿ ಬಹಳ ಕೇಳಿಬರುವ ಮಾತಿದು. ಬೇಳೆಕಾಳು, ಕಾಯಿಪಲ್ಯೆ, ಶೇಂಗಾ ಎಣ್ಣೆ ಇವುಗಳಲ್ಲಿ ಕೊಲೆಸ್ಟರಾಲ್ ಇಲ್ಲವೆಂಬಷ್ಟು ಕಡಿಮೆ. ಎಣ್ಣೆಯ ಡಬ್ಬದ ಮೇಲೆ 'ಕೊಲೆಸ್ಟರಾಲ್ ರಹಿತ' ಎಂದು ಬರೆಯುವುದು ಹೊಸ ಗುಣವೇನಲ್ಲ; ಯಾವ ಸಸ್ಯದ ಎಣ್ಣೆಗೂ ಅದನ್ನು ಬರೆಯಬಹುದು. ಆದರೆ ಮೊದಲೇ ಹೇಳಿದಂತೆ ಕೊಲೆಸ್ಟರಾಲ್ ಹೆಚ್ಚಾಗಿ ತಯಾರಾಗುವುದು ನಮ್ಮ ಮೈಯಲ್ಲಿಯೇ. ಅದು ರಕ್ತದಲ್ಲಿ ಎಷ್ಟು ಉಳಿಯಬೇಕೆಂಬುದನ್ನು ನಿರ್ಧರಿಸುವುದು ಯಕೃತ್ತಿನ ಬಾಗಿಲುಗಳು. ಆ ಬಾಗಿಲುಗಳನ್ನು ಕಡಿಮೆ ಮಾಡುವ ಪದಾರ್ಥ ಸಸ್ಯಾಹಾರಿಯ ಅಡುಗೆಮನೆಯಲ್ಲಿಯೂ ಇದೆ.

ತಣ್ಣಗಾದರೆ ಹೆಪ್ಪುಗಟ್ಟುವ ಕೊಬ್ಬು ಅದು. ವೈದ್ಯರು ಸ್ಯಾಚುರೇಟೆಡ್ ಕೊಬ್ಬು ಎನ್ನುತ್ತಾರೆ. ಇದು ತುಪ್ಪದಲ್ಲಿ ನೂರಕ್ಕೆ ಸುಮಾರು 60 ಭಾಗ, ಪಾಮ್ ಎಣ್ಣೆಯಲ್ಲಿ ಸುಮಾರು 50, ಶೇಂಗಾ ಎಣ್ಣೆಯಲ್ಲಿ ಸುಮಾರು 20, ಕುಸುಬಿ ಎಣ್ಣೆಯಲ್ಲಿ 10ಕ್ಕಿಂತ ಕಡಿಮೆ. ಹಿಂಗಾರಿ ಜೋಳದ ಹೊಲದಲ್ಲಿ ಸಾಲು ಹಾಕಿ ಬೆಳೆಯುತ್ತಿದ್ದ ಕುಸುಬಿಯನ್ನು ಬಿಟ್ಟು ಅಗ್ಗದ ಪಾಮ್ ಎಣ್ಣೆಗೆ ಬಂದದ್ದು ಹೃದಯಕ್ಕೆ ಲಾಭದ ವ್ಯಾಪಾರವಾಗಲಿಲ್ಲ. ಹಳೆಯ ಬಗೆಯ ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಇನ್ನೂ ಕೆಟ್ಟದ್ದು, ಅದು ಎಲ್.ಡಿ.ಎಲ್. ಏರಿಸಿ ಎಚ್.ಡಿ.ಎಲ್. ಇಳಿಸುತ್ತದೆ. 2022ರ ಜನವರಿಯಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಎಣ್ಣೆ-ಕೊಬ್ಬುಗಳಲ್ಲಿ ಇದನ್ನು ನೂರಕ್ಕೆ 2 ಭಾಗಕ್ಕೆ ಮಿತಿಗೊಳಿಸಿದೆ. ಆದರೆ ಭಜಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಕಡಾಯಿಯ ಬಗ್ಗೆ ನಾವೇ ಎಚ್ಚರದಿಂದಿರಬೇಕು.

ಟ್ರೈಗ್ಲಿಸರೈಡಿನ ದಾರಿ ಬೇರೆ. ಸಕ್ಕರೆ, ಮೈದಾ, ದಿನಕ್ಕೆ ಆರೆಂಟು ಕಪ್ ಸಿಹಿ ಚಹಾ, ಮದ್ಯ, ಹೊಟ್ಟೆಯ ಬೊಜ್ಜು, ಹತೋಟಿಯಲ್ಲಿಲ್ಲದ ಸಕ್ಕರೆ ಬೇನೆ, ಇವು ಅದನ್ನು ಏರಿಸುತ್ತವೆ. ಅದು ಏರಿದಂತೆ ಎಚ್.ಡಿ.ಎಲ್. ಸಾಮಾನ್ಯವಾಗಿ ಇಳಿಯುತ್ತದೆ. ಮುಂಜಾನೆಯಿಂದ ರಾತ್ರಿಯವರೆಗೆ ಗಾದಿಯ ಮೇಲೆ ಕುಳಿತು ಚಹಾ-ಫರಸಾಣದಲ್ಲಿ ದಿನ ಕಳೆಯುವ ವ್ಯಾಪಾರಿ ಬಂಧುಗಳು ಇದನ್ನು ಗಮನಿಸಬೇಕು.

ಹಾಗಾದರೆ ಉಣ್ಣುವುದೇನು? ನಮ್ಮ ಹಿರಿಯರ ಊಟವೇ ಬಹಳಮಟ್ಟಿಗೆ ಸರಿಯಾಗಿತ್ತು. ಜೋಳದ ರೊಟ್ಟಿ, ಮಡಿಕೆ-ಹೆಸರು-ಅಲಸಂದಿಯ ಕಾಳುಪಲ್ಯೆ, ಮೆಂತ್ಯೆ ಮತ್ತು ಹಸಿ ತಪ್ಪಲು, ಅಗಸಿ ಹಿಂಡಿ, ಮಿತವಾಗಿ ಶೇಂಗಾ ಹಿಂಡಿ, ಮಜ್ಜಿಗೆ. ಕಾಳುಗಳ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಹಾಕುತ್ತದೆ. ಆಗ ಯಕೃತ್ತು ಹೊಸ ಪಿತ್ತರಸಕ್ಕಾಗಿ ರಕ್ತದ ಕೊಲೆಸ್ಟರಾಲನ್ನೇ ಒಳಗೆ ಎಳೆದುಕೊಳ್ಳುತ್ತದೆ. ಜಾತ್ರೆಯ ದಾಸೋಹದಲ್ಲಿ ವರ್ಷಕ್ಕೊಮ್ಮೆ ಉಣ್ಣುವ ಹುಗ್ಗಿಯಿಂದ ನಾಳ ಕಟ್ಟುವುದಿಲ್ಲ. ದಿನದಿನದ ಕರಿದ ತಿಂಡಿಯಿಂದ ಅಪಾಯ.

ಮನೆಯ ಎಣ್ಣೆಯ ಲೆಕ್ಕವನ್ನೂ ಹಾಕಿ ನೋಡಿರಿ. 15 ಕಿಲೋ ಡಬ್ಬ ಐದು ಜನರ ಮನೆಯಲ್ಲಿ ಎರಡು ತಿಂಗಳಿಗೆ ಮುಗಿದರೆ ತಲೆಗೆ ದಿನಕ್ಕೆ 50 ಗ್ರಾಂ ಆಯಿತು. ಕುಳಿತು ಕೆಲಸ ಮಾಡುವವರಿಗೆ 20ರಿಂದ 25 ಗ್ರಾಂ ಸಾಕೆಂದು ಆಹಾರ ತಜ್ಞರ ಸಲಹೆ. ಅದೇ ಡಬ್ಬ ನಾಲ್ಕು ತಿಂಗಳು ಬಂದರೆ ಹಣವೂ ಉಳಿಯಿತು, ನಾಳವೂ ಉಳಿಯಿತು.

ತಪಾಸಣೆಗೆ ಹೋಗುವ ಮುನ್ನ

ಮೊದಲ ತಪಾಸಣೆಯನ್ನು 18ನೆಯ ವಯಸ್ಸಿನಲ್ಲಿಯೇ ಮಾಡಿಸಬೇಕೆಂದು ಮೇಲೆ ಹೇಳಿದ ತಜ್ಞರ ಸಂಘದ ಸಲಹೆ. ಮನೆತನದಲ್ಲಿ ಎಳೆಯ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಅದಕ್ಕೂ ಮೊದಲು.

ಮೊದಲ ತಪಾಸಣೆಗೆ ಹೊಟ್ಟೆ ಖಾಲಿ ಇರಲೇಬೇಕೆಂದು ಈಗ ಕಡ್ಡಾಯವಿಲ್ಲ. ಟ್ರೈಗ್ಲಿಸರೈಡ್ ಬಹಳ ಹೆಚ್ಚು ಬಂದರೆ ಮತ್ತೊಮ್ಮೆ ಖಾಲಿ ಹೊಟ್ಟೆಯಲ್ಲಿ ಮಾಡುತ್ತಾರೆ. ಲ್ಯಾಬಿನವರು ಖಾಲಿ ಹೊಟ್ಟೆ ಎಂದು ಹೇಳಿದ್ದರೆ 9ರಿಂದ 12 ತಾಸು ಏನೂ ತಿನ್ನಬಾರದು. ನೀರು ಕುಡಿಯಬಹುದು, ಚಹಾ ಕೂಡದು. ಹಿಂದಿನ ದಿನ ಮದುವೆಯ ಭರ್ಜರಿ ಊಟ, ಮದ್ಯ ಬೇಡ. ಜ್ವರ, ಆಪರೇಷನ್‌ನಂಥ ದೊಡ್ಡ ಬೇನೆಯಿಂದ ಎದ್ದ ಕೂಡಲೆ ಮಾಡಿಸಿದರೆ ಸಂಖ್ಯೆ ಸುಳ್ಳಾಗಿ ಕಡಿಮೆ ಬರಬಹುದು. ಕೆಲವು ವಾರ ತಡೆಯಿರಿ. ಬಸುರಿಯರಲ್ಲಿ ಸಹಜವಾಗಿಯೇ ಹೆಚ್ಚು ಬರುತ್ತದೆ. ಥೈರಾಯ್ಡ್ ಕಡಿಮೆಯಿದ್ದರೂ ಎಲ್.ಡಿ.ಎಲ್. ಏರುತ್ತದೆ, ಆಗ ಮೊದಲು ಅದಕ್ಕೆ ಔಷಧ. ಗುಳಿಗೆ ತೆಗೆದುಕೊಳ್ಳುತ್ತಿರುವವರು ತಪಾಸಣೆಗೆಂದು ತಾವಾಗಿ ಬಿಡಬಾರದು.

ಹಳೆಯ ಕಾಗದಗಳನ್ನು ತಾರೀಖಿನ ಪ್ರಕಾರ ಒಂದೇ ಕಡೆ ಹೊಲಿದಿಡಿರಿ. ಒಂದು ಕಾಗದ ಒಂದು ದಿನದ ಮಾತು ಹೇಳುತ್ತದೆ. ನಾಲ್ಕು ಕಾಗದ ಕೂಡಿದರೆ ದಾರಿ ಯಾವ ಕಡೆಗೆಂದು ಹೇಳುತ್ತವೆ.

ಇನ್ನೊಂದು ಪರೀಕ್ಷೆ ಜೀವನದಲ್ಲಿ ಒಮ್ಮೆ ಮಾಡಿಸಬೇಕಾದದ್ದು: ಲಿಪೊಪ್ರೋಟೀನ್-ಎ. ಇದು ತಂದೆತಾಯಿಯರಿಂದ ಬರುವಂಥದು, ಊಟದಿಂದ ಬದಲಾಗದು. 50 ಮಿಲಿಗ್ರಾಂ ದಾಟಿದರೆ ಉಳಿದ ಎಲ್ಲ ವಿಷಯಗಳಲ್ಲಿ ಹೆಚ್ಚು ಬಿಗಿಯಾಗಿರಬೇಕು.

ಕಾಗದ ಹೇಳದ ಮಾತು

ಈ ತಪಾಸಣೆ ಮುಂದಿನ ವರ್ಷಗಳ ಅಪಾಯವನ್ನು ಸೂಚಿಸುತ್ತದೆ. ಇಂದು ನಾಳ ಮುಚ್ಚಿದೆಯೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ಎಷ್ಟೋ ಹೃದಯಾಘಾತಗಳು ಒಟ್ಟು ಕೊಲೆಸ್ಟರಾಲ್ 200ರ ಒಳಗಿದ್ದವರಿಗೂ ಆಗುತ್ತವೆ. ಆದ್ದರಿಂದ ಎದೆಯಲ್ಲಿ ಒತ್ತಿದಂತೆ ಭಾರ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ನಡೆದಾಗ ಉಬ್ಬಸ ಬಂದರೆ "ಮೊನ್ನೆ ತಾನೆ ರಿಪೋರ್ಟು ಚೆನ್ನಾಗಿತ್ತು, ಇದು ಗ್ಯಾಸು" ಎಂದು ಸೋಡಾ ಕುಡಿದು ಮಲಗಬಾರದು. ಹೆಂಗಸರಲ್ಲಿಯೂ ಸಕ್ಕರೆ ಬೇನೆಯವರಲ್ಲಿಯೂ ನೋವೇ ಇಲ್ಲದೆ ಬರೀ ಸುಸ್ತು, ಓಕರಿಕೆ, ಉಬ್ಬಸವಾಗಿ ಕಾಣಿಸಬಹುದು. ಕೂಡಲೆ 108ಕ್ಕೆ ಕರೆ ಮಾಡಿರಿ, ಇಲ್ಲವೆ ಸಿಕ್ಕ ವಾಹನದಲ್ಲಿ ದವಾಖಾನೆಗೆ ಸಾಗಿಸಿರಿ.

ಗುಳಿಗೆಯ ವಿಚಾರ

ಊಟ ತಿದ್ದಿದರೂ ಗುರಿ ಮುಟ್ಟದಿದ್ದರೆ, ಅಥವಾ ಅಪಾಯ ಮೊದಲೇ ಹೆಚ್ಚಿದ್ದರೆ ಡಾಕ್ಟರರು 'ಸ್ಟಾಟಿನ್' ಜಾತಿಯ ಗುಳಿಗೆ ಬರೆಯುತ್ತಾರೆ. ಜಪಾನಿನ ಅಕಿರಾ ಎಂಡೊ ಅವರು 1970ರ ದಶಕದಲ್ಲಿ ಒಂದು ಬೂಷ್ಟಿನಿಂದ ಇಂಥ ಮೊದಲ ಪದಾರ್ಥವನ್ನು ಕಂಡುಹಿಡಿದರು. ಇದು ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಕೆ ತಗ್ಗಿಸುತ್ತದೆ. ಆಗ ಯಕೃತ್ತು ಹೆಚ್ಚು ಬಾಗಿಲು ತೆರೆದು ರಕ್ತದಿಂದ ಎಲ್.ಡಿ.ಎಲ್. ಎಳೆದುಕೊಳ್ಳುತ್ತದೆ. ಹೃದ್ರೋಗವಿದ್ದ 4,444 ಜನರ ಮೇಲೆ ನಾರ್ವೆ, ಸ್ವೀಡನ್ ಮೊದಲಾದ ದೇಶಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಗುಳಿಗೆ ತೆಗೆದುಕೊಂಡವರಲ್ಲಿ ಸಾವುಗಳು ನೂರಕ್ಕೆ 30ರಷ್ಟು ಕಡಿಮೆಯಾದವು.

ಇಲ್ಲಿಯೇ ನಮ್ಮವರು ದೊಡ್ಡ ಪೆಟ್ಟು ತಿನ್ನುವುದು. ಮೂರು ತಿಂಗಳು ಗುಳಿಗೆ ತೆಗೆದುಕೊಳ್ಳುತ್ತಾರೆ, ಕಾಗದ ಚೆನ್ನಾಗಿ ಬರುತ್ತದೆ, "ವಾಸಿಯಾಯಿತು" ಎಂದು ಬಿಡುತ್ತಾರೆ. ಮೋಟಾರ್ ಓಡುತ್ತಿರುವಾಗ ಬಾವಿಯ ನೀರು ಇಳಿದಿರುತ್ತದೆ. ಮೋಟಾರ್ ನಿಲ್ಲಿಸಿದರೆ ಸೆಲೆ ಬತ್ತಿಲ್ಲವಾದ್ದರಿಂದ ನೀರು ಮತ್ತೆ ಹಳೆಯ ಮಟ್ಟಕ್ಕೆ ಏರುತ್ತದೆ. ಗುಳಿಗೆ ಬಿಟ್ಟ ಕೆಲವೇ ವಾರಗಳಲ್ಲಿ ಎಲ್.ಡಿ.ಎಲ್. ಕೂಡ ಹಾಗೆಯೇ ಏರುತ್ತದೆ. ಸಂಖ್ಯೆ ಇಳಿದದ್ದು ಗುಳಿಗೆಯಿಂದ. ಬೇನೆ ಹೋದದ್ದರಿಂದ ಅಲ್ಲ. ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಇದನ್ನು ಮನೆಯವರೆಲ್ಲರಿಗೂ ತಿಳಿಸಿಡಬೇಕು. ಸ್ನಾಯುನೋವು, ಮೂತ್ರದ ಬಣ್ಣ ಕಪ್ಪಾಗುವುದು ಮುಂತಾದ ತೊಂದರೆ ಕಂಡರೆ ತಡಮಾಡದೆ ಡಾಕ್ಟರರನ್ನು ಕಾಣಿರಿ. ಪ್ರಮಾಣ ತಗ್ಗಿಸಲು, ಗುಳಿಗೆ ಬದಲಿಸಲು ದಾರಿಗಳಿವೆ. ಬಸುರಿಯರು, ಬಸುರಾಗಬಯಸುವವರು ಮೊದಲೇ ಹೇಳಬೇಕು.

ಸಂದೇಹ – ಸಮಾಧಾನ

*ನಾವು ತೆಳ್ಳಗಿದ್ದೇವೆ, ಹೊಲದಲ್ಲಿ ದುಡಿಯುತ್ತೇವೆ. ನಮಗೂ ತಪಾಸಣೆ ಬೇಕೆ?*
ಬೇಕು. ಕಾಯಕದಿಂದ ಟ್ರೈಗ್ಲಿಸರೈಡ್ ಇಳಿಯುತ್ತದೆ, ಎಚ್.ಡಿ.ಎಲ್. ತುಸು ಏರುತ್ತದೆ, ಹೃದಯ ಗಟ್ಟಿಯಾಗುತ್ತದೆ. ಆದರೆ ವಂಶದಿಂದ ಬಂದ ಎಲ್.ಡಿ.ಎಲ್. ದುಡಿಮೆಗೆ ಹೆಚ್ಚು ಬಗ್ಗುವುದಿಲ್ಲ. ಇಂಥ ವಂಶದ ದೋಷ ಸುಮಾರು 250-300 ಜನರಲ್ಲಿ ಒಬ್ಬರಿಗಿರುತ್ತದೆ. ಒಬ್ಬರಿಗೆ ಕಂಡರೆ ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಬೇಕು.

*ತಾಯಂದಿರಿಗೆ ಇದರ ಅವಶ್ಯಕತೆ ಇದೆಯೇ?*
ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಎಲ್.ಡಿ.ಎಲ್. ಏರುತ್ತದೆ. ಮನೆಯ ಯಜಮಾನರ ಕಾಗದ ನಾಲ್ಕಿದ್ದು, ಮನೆಯವರದು ಒಂದೂ ಇಲ್ಲದಿರುವುದು ಸರಿಯಲ್ಲ. ಇಬ್ಬರೂ ಒಂದೇ ದಿನ ಹೋಗಿರಿ.

*ಎಚ್.ಡಿ.ಎಲ್. ಏರಿಸಲು ಗುಳಿಗೆ ಇಲ್ಲವೆ?*
ಗುಳಿಗೆಯಿಂದ ಅದನ್ನು ಏರಿಸಿ ನೋಡಿದ ಪ್ರಯೋಗಗಳಲ್ಲಿ ಹೃದಯಾಘಾತ ಕಡಿಮೆಯಾಗಲಿಲ್ಲ. ನಡಿಗೆ, ಬೊಜ್ಜು ಇಳಿಸುವುದು, ಬೀಡಿ-ಸಿಗರೇಟು ಬಿಡುವುದು ಇವೇ ದಾರಿ. ಸುಣ್ಣ-ತಂಬಾಕು, ಗುಟಖಾ ಕೂಡ ಹೃದಯಕ್ಕೆ ಕೇಡು.

*ಬೆಳ್ಳುಳ್ಳಿ, ಮೆಂತ್ಯೆಕಾಳು ಸಾಲದೆ?*
ಊಟದಲ್ಲಿ ಇರಲಿ. ಅವುಗಳಿಂದಾಗುವ ಇಳಿತ ಸ್ವಲ್ಪ. ಗುಳಿಗೆಯ ಬದಲಿಗೆ ಅವನ್ನು ಹಿಡಿಯುವಂತಿಲ್ಲ.

*ತುಪ್ಪವನ್ನು ಪೂರ್ತಿ ಬಿಡಬೇಕೆ?*
ಆರೋಗ್ಯವಂತರು ದಿನಕ್ಕೆ ಒಂದು ಸಣ್ಣ ಚಮಚ ಹಾಕಿಕೊಳ್ಳಲು ಅಡ್ಡಿಯಿಲ್ಲ, ಒಟ್ಟು ಎಣ್ಣೆಯ ಲೆಕ್ಕದಲ್ಲಿ ಅದೂ ಸೇರಿದ್ದರೆ ಸಾಕು. ಹೃದ್ರೋಗಿಗಳು ತಮ್ಮ ಡಾಕ್ಟರರ ಮಾತಿನಂತೆ ನಡೆಯಬೇಕು.

ನೆನಪಿನಲ್ಲಿಡಿ

ಒಟ್ಟು ಸಂಖ್ಯೆಗೆ ನಿಲ್ಲಬೇಡಿ; ಎಲ್.ಡಿ.ಎಲ್. ಮತ್ತು ನಾನ್-ಎಚ್.ಡಿ.ಎಲ್. ನೋಡಿರಿ. ಅಂಚಿನ ಅಚ್ಚಿಗಿಂತ ನಿಮ್ಮ ಗುರಿ ಎಷ್ಟೆಂದು ಕೇಳಿರಿ. ಕೊಲೆಸ್ಟರಾಲಿನ ಜೊತೆಗೆ ಸಕ್ಕರೆ, ರಕ್ತದೊತ್ತಡ, ತಂಬಾಕು ಈ ಮೂರನ್ನೂ ಕೂಡಿಸಿಯೇ ಲೆಕ್ಕ ಹಾಕಿರಿ. ಸಂಖ್ಯೆ ಇಳಿಯಿತೆಂದು ಗುಳಿಗೆ ಬಿಡಬೇಡಿ. ಕಾಗದ ಚೆನ್ನಾಗಿದೆಯೆಂದು ಎದೆನೋವನ್ನು ಕಡೆಗಣಿಸಬೇಡಿ.

ಗೂಡಿನಲ್ಲಿ ಮಡಿಚಿಟ್ಟ ಹಳೆಯ ಕಾಗದವೊಂದು ನಿಮ್ಮ ಮನೆಯಲ್ಲಿಯೂ ಇದ್ದೀತು. ಇಂದು ಸಂಜೆ ಅದನ್ನು ತೆಗೆದು, ಶಾಲೆಗೆ ಹೋಗುವ ಮಗ ಅಥವಾ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಟ್ಟಿನಿಂದ ಎಚ್.ಡಿ.ಎಲ್. ಕಳೆದು ನೋಡಿರಿ. ಉಳಿದದ್ದು 130ಕ್ಕಿಂತ ಹೆಚ್ಚಾಗಿದ್ದರೆ, ಅಥವಾ ಮನೆಯಲ್ಲಿ ಸಕ್ಕರೆ ಬೇನೆ ಇದ್ದವರದು 100, ಹೃದ್ರೋಗ ಇದ್ದವರದು 85 ಮುಟ್ಟಿದ್ದರೆ, ಮುಂದಿನ ಸಂತೆಯ ದಿನ ಡಾಕ್ಟರರನ್ನು ಕಾಣಲು ಮರೆಯದಿರಿ.